ದಕ್ಕೆಯಲ್ಲಿ ಬೆಕ್ಕುಗಳ ಎರಡು ಬಣ: ಒಂದು ಟೀಮ್ ಮೋಡ್ ಕಟ್ಟುವ ಟಿಪ್ಪಣಿ

ಐದು ಬೆಕ್ಕು ಈ ಕಡೆ, ಐದು ಬೆಕ್ಕು ಆ ಕಡೆ, ನಡುವೆ ಮಂಗಳೂರಿನ ಹಳೆ ಬಂದರಿನ ದಕ್ಕೆ, ಅಂದರೆ ಬೋಟ್‌ಗಳು ಮೀನು ಇಳಿಸುವ ಕಟ್ಟೆ. ಗೇಮ್ ಡಿಸೈನ್ ಕಲಿಯುತ್ತಿರುವ ನಮ್ಮ ಗುಂಪು ಈ ಸಲ ಅಭ್ಯಾಸಕ್ಕೆ ಹಿಡಿದಿರುವ ಮೋಡ್, ಅಂದರೆ ಆಡುವ ಬಗೆ, ಇದೇ. ಒಂದು ದಕ್ಕೆ ಬಣ, ಇನ್ನೊಂದು ಗೋದಾಮು ಬಣ. ಕೋಡ್ ಬರೆಯುವ ಮಾತು ಆಮೇಲೆ. ಮೊದಲು ನಿಯಮ ಗಟ್ಟಿಯಾಗಬೇಕು.

ಬೆಕ್ಕಿನ ಬಣ ಅಂದ ಕೂಡಲೇ ತಲೆಗೆ ಬರುವುದು ಪರಚಾಟ. ಪಂಜ ಬೀಸು, ಎದುರಾಳಿಯನ್ನು ಸಾಯಿಸು, ಹತ್ತು ಸೆಕೆಂಡು ಬಿಟ್ಟು ಅವನು ಮತ್ತೆ ಹುಟ್ಟಿ ಬರಲಿ. ಇದರಲ್ಲಿ ಬೆಕ್ಕು ಎಲ್ಲಿದೆ? ಬಂದೂಕಿನ ಆಟಕ್ಕೆ ಬಾಲ ಅಂಟಿಸಿದ್ದಷ್ಟೇ.

ನಿಜವಾದ ಬೆಕ್ಕುಗಳು ಬೇರೆ ರೀತಿ ಜಗಳ ಮಾಡುತ್ತವೆ. ದಕ್ಕೆಯಲ್ಲಿ ಮೀನಿನ ಬಾಕ್ಸ್‌ಗಳ ಹಿಂದೆ ಎರಡು ಬೆಕ್ಕು ಎದುರಾದರೆ ಸ್ವಲ್ಪ ಹೊತ್ತು ನಿಂತು ನೋಡಿ. ಕಿವಿ ಚಪ್ಪಟೆಯಾಗುತ್ತದೆ. ಬೆನ್ನು ಬಾಗುತ್ತದೆ. ರೋಮ ನಿಮಿರುತ್ತದೆ, ಮೈ ಅಡ್ಡಕ್ಕೆ ತಿರುಗುತ್ತದೆ, ದೊಡ್ಡದಾಗಿ ಕಾಣಬೇಕಲ್ವಾ. ಆಮೇಲೆ ಆ ಉದ್ದ ರಾಗ. ಎಷ್ಟೋ ಸಲ ಕಚ್ಚಾಟ ಆಗುವುದೇ ಇಲ್ಲ. ಒಂದು ಬೆಕ್ಕು ಮುಖ ತಿರುಗಿಸಿ, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ನಿಧಾನವಾಗಿ ಜಾಗ ಖಾಲಿ ಮಾಡುತ್ತದೆ. ಗಾಯ ಆದರೆ ನಾಳೆ ಬೇಟೆ ಇಲ್ಲ, ಊಟ ಇಲ್ಲ. ಹಾಗಾಗಿ ಹೆದರಿಸಿ ಓಡಿಸುವುದೇ ಲಾಭ.

ನಮ್ಮ ಮೋಡ್‌ನ ಬುನಾದಿ ಇದೇ. ಇಲ್ಲಿ ಯಾರೂ ಸಾಯುವುದಿಲ್ಲ. ಆಟ ಇರುವುದು ಜಾಗ ಬಿಡಿಸುವುದರಲ್ಲಿ.

ಧೈರ್ಯ, ವಾಸನೆ, ಬಾಲ

ಪ್ರತಿ ಬೆಕ್ಕಿಗೂ ಆರೋಗ್ಯದ ಬದಲು ಧೈರ್ಯದ ಪಟ್ಟಿ. ಎದುರು ಬಣದ ಬೆಕ್ಕು ದಿಟ್ಟಿಸಿ ನೋಡಿದಷ್ಟು ಹೊತ್ತು ಅದು ಇಳಿಯುತ್ತದೆ, ಸುಮಾರು ಮೂರು ಸೆಕೆಂಡಿಗೆ ಖಾಲಿ. ಖಾಲಿಯಾದರೆ ನಿಮ್ಮ ಬೆಕ್ಕು ತನ್ನ ಬಣದ ಕಡೆಗೆ ಓಟ ಕೀಳುತ್ತದೆ. ಓಡುವಾಗಲೂ ದಾರಿ ಆರಿಸುವುದು ಆಟಗಾರನೇ. ಕಪ್ಪು ಪರದೆ ನೋಡಿಕೊಂಡು ಕೂರುವ ಶಿಕ್ಷೆ ಇಲ್ಲ.

ಇಳಿದ ಧೈರ್ಯ ತುಂಬುವುದು ಹೇಗೆ? ಪರಿಚಯದ ಬೆಕ್ಕುಗಳು ಒಂದನ್ನೊಂದು ನೆಕ್ಕುತ್ತವೆ, ಮೈ ಉಜ್ಜುತ್ತವೆ. ಅದನ್ನೇ ನಿಯಮ ಮಾಡಿ. ಒಂದೇ ಬಣದ ಎರಡು ಬೆಕ್ಕು ನಾಲ್ಕು ಸೆಕೆಂಡು ಅಲುಗಾಡದೆ ಜೊತೆಗೆ ಕೂತರೆ ಇಬ್ಬರಿಗೂ ಧೈರ್ಯ ಪೂರ್ತಿ. ವೈದ್ಯನ ಪಾತ್ರ ಅಂತ ಬೇರೆ ಬೇಕಾಗುವುದಿಲ್ಲ. ಒಬ್ಬನೇ ಅಲೆಯುವವನಿಗೆ ತಾನಾಗಿಯೇ ಜೊತೆಯ ಬೆಲೆ ಗೊತ್ತಾಗುತ್ತದೆ.

ಬಣ ಅನ್ನುವುದೂ ಸುಮ್ನೆ ಕಟ್ಟಿದ ಕಥೆ ಅಲ್ಲ. ತಿನ್ನಲು ಧಾರಾಳವಾಗಿ ಸಿಗುವ ಜಾಗದಲ್ಲಿ ಬೀದಿ ಬೆಕ್ಕುಗಳು ಗುಂಪಾಗಿ ಬದುಕುತ್ತವೆ. ಗುಂಪಿನ ನಡುವೆ ಇರುವುದು ಹೆಚ್ಚಾಗಿ ತಾಯಿ, ಮಗಳು, ಅಕ್ಕತಂಗಿಯರು. ಮರಿಗಳನ್ನು ಸೇರಿ ಸಾಕುವುದೂ ಉಂಟು. ಗಂಡು ಬೆಕ್ಕುಗಳು ಇನ್ನೂ ದೊಡ್ಡ ಪ್ರದೇಶ ಸುತ್ತುತ್ತವೆ. ಮೂರು ಪಾತ್ರಗಳು ಇಲ್ಲಿಂದಲೇ ಬಂದವು: ನಿಧಾನ ಆದರೆ ದಿಟ್ಟ ಗಡವ (ದೊಡ್ಡ ಗಂಡು) ಬೆಕ್ಕು, ಬೇಗ ನೆಕ್ಕಿ ಧೈರ್ಯ ತುಂಬುವ ತಾಯಿ ಬೆಕ್ಕು, ಸಂದಿಯಲ್ಲಿ ನುಗ್ಗುವ ಪಡ್ಡೆ ಬೆಕ್ಕು. ಒಂದು ಎಚ್ಚರ: ಕಪ್ಪು, ಕಿತ್ತಳೆ, ಬಿಳಿ ಮೂರೂ ಇರುವ ಬೆಕ್ಕು ಬಹುತೇಕ ಹೆಣ್ಣೇ, ಏಕೆಂದರೆ ಕಿತ್ತಳೆ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಡವನಿಗೆ ಆ ಮೈಬಣ್ಣ ಕೊಟ್ಟರೆ ಬೆಕ್ಕು ಸಾಕಿದವರು ಮೊದಲ ದಿನವೇ ಹಿಡಿದು ಕೇಳುತ್ತಾರೆ.

ಇನ್ನು ಬಣ ಗುರುತಿಸುವುದು. ಕೆಂಪು ಬಣ, ಹಸಿರು ಬಣ ಅಂತ ಮಾಡಿದರೆ ಆ ಎರಡು ಬಣ್ಣ ಬೇರೆ ಬೇರೆಯಾಗಿ ಕಾಣದವರಿಗೆ ಆಟವೇ ಇಲ್ಲ. ಬೆಕ್ಕಿನ ಬಳಿ ಒಳ್ಳೆ ಉಪಾಯ ಇದೆ. ಸ್ನೇಹದಿಂದ ಹತ್ತಿರ ಬರುವ ಬೆಕ್ಕು ಬಾಲ ನೆಟ್ಟಗೆ ಎತ್ತಿಕೊಂಡು ಬರುತ್ತದೆ. ನಿಮ್ಮ ಪರದೆಯಲ್ಲಿ ನಿಮ್ಮ ಬಣದವರ ಬಾಲ ಯಾವಾಗಲೂ ಮೇಲೆ, ಎದುರಿನವರ ಬಾಲ ಕೆಳಗೆ, ಉಬ್ಬಿಕೊಂಡು. ನಸುಕಿನ ಕತ್ತಲಲ್ಲಿ ಬರೀ ಆಕಾರ ನೋಡಿದರೂ ಸಾಕು.

ಐದು ಜಾಗ, ಸೆಕೆಂಡಿಗೆ ಒಂದು ಅಂಕ

ಜಾಗ ಹಿಡಿಯುವ ಆಟ ಹೊಸದೇನಲ್ಲ. 1999ರ ಅನ್‌ರಿಯಲ್ ಟೂರ್ನಮೆಂಟ್‌ನಲ್ಲಿ ಡಾಮಿನೇಷನ್ ಮೋಡ್ ಇತ್ತು. 2015ರಲ್ಲಿ ನಿಂಟೆಂಡೋದ ಸ್ಪ್ಲಟೂನ್ ನೆಲಕ್ಕೆ ಬಣ್ಣ ಎರಚುವುದನ್ನೇ ಗೆಲುವಿನ ಲೆಕ್ಕ ಮಾಡಿತು. ನಮ್ಮಲ್ಲಿ ಬಣ್ಣದ ಜಾಗಕ್ಕೆ ವಾಸನೆ. ಬೆಕ್ಕಿನ ಕೆನ್ನೆಯಲ್ಲೂ ಪಾದದಲ್ಲೂ ವಾಸನೆಯ ಗ್ರಂಥಿಗಳಿವೆ. ಕಂಬಕ್ಕೆ ಕೆನ್ನೆ ಉಜ್ಜುವುದು, ಮರ ಪರಚುವುದು, ಮೂತ್ರ ಚಿಮ್ಮಿಸುವುದು ಎಲ್ಲ ಗುರುತು ಹಾಕುವ ಕೆಲಸವೇ. (ಮೂರನೆಯದನ್ನು ಬಿಡೋಣ ಅಂತ ಗುಂಪಿನಲ್ಲಿ ಒಮ್ಮತ ಆಯಿತು.)

ಐದು ಜಾಗ: ಏಲಂ ಕೂಗುವ ಕಟ್ಟೆ, ಐಸ್ ಪ್ಲಾಂಟ್, ಬಲೆ ರಿಪೇರಿ ಶೆಡ್, ಊಟದ ಹೋಟೆಲಿನ ಹಿಂಬಾಗಿಲು, ಹಂಚಿನ ಮಾಡಿನ ಗೋದಾಮು. ಬೆಸ ಸಂಖ್ಯೆ ಬೇಕೇ ಬೇಕು, ಇಲ್ಲದಿದ್ದರೆ ಎರಡೂ ಬಣ ತಮ್ಮ ಪಾಲು ಹಿಡಿದು ಆರಾಮವಾಗಿ ಕೂತುಬಿಡುತ್ತವೆ.

ಹಿಡಿದ ಪ್ರತಿ ಜಾಗಕ್ಕೆ ಸೆಕೆಂಡಿಗೆ ಒಂದು ಅಂಕ. 1400 ಮುಟ್ಟಿದವರು ಗೆದ್ದರು. ಈ 1400 ಎಲ್ಲಿಂದ ಬಂತು ನೋಡಿ. ಮೂರು ಜಾಗವನ್ನು ಬಿಡದೆ ಹಿಡಿದರೆ 467 ಸೆಕೆಂಡು, ಅಂದರೆ ಎಂಟು ನಿಮಿಷಕ್ಕೆ ತುಸು ಕಡಿಮೆ. ನಾಲ್ಕು ಹಿಡಿದರೆ 350. ಐದೂ ಹಿಡಿದರೆ 280. ಮೂರರಲ್ಲೇ ಗೆಲುವಿದೆ, ಐದಕ್ಕೂ ಕೈಹಾಕಿದರೆ ಬೇಗ ಮುಗಿಯುತ್ತದೆ ಆದರೆ ಕಾವಲು ತೆಳುವಾಗುತ್ತದೆ. ಆಟಗಾರರು ತಮ್ಮತಮ್ಮಲ್ಲೇ ವಾದ ಮಾಡಬೇಕು ಅಂದರೆ ಇಂಥ ಆಯ್ಕೆ ಇರಬೇಕು.

ವಾಸನೆ ಆರುತ್ತದೆ. 40 ಸೆಕೆಂಡಿಗೆ ಅರ್ಧ, 80ಕ್ಕೆ ಕಾಲು, 120ಕ್ಕೆ ಅರೆಕಾಲು. ಅರೆಕಾಲಿಗೆ ಇಳಿದರೆ ಜಾಗ ಯಾರದ್ದೂ ಅಲ್ಲ. ಹಾಗಾಗಿ ಒಮ್ಮೆ ಹಿಡಿದು ಮರೆಯುವಂತಿಲ್ಲ, ಎರಡು ನಿಮಿಷದೊಳಗೆ ಮತ್ತೊಮ್ಮೆ ಕೆನ್ನೆ ಉಜ್ಜಲೇಬೇಕು. ಕೋಡ್ ಬರೆಯುವವರಿಗೆ ಒಂದು ಮಾತು: ಪ್ರತಿ ಗುರುತಿನ ಬಲವನ್ನು ಸರ್ವರ್ (ಎಲ್ಲ ಆಟಗಾರರ ಫೋನುಗಳನ್ನು ನೆಟ್ ಮೂಲಕ ಜೋಡಿಸುವ ಕಂಪ್ಯೂಟರ್) ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಎಲ್ಲರಿಗೂ ಕಳಿಸಬೇಕಾಗಿಲ್ಲ. ಗುರುತು ಹಾಕಿದ ಸಮಯ ಒಂದನ್ನು ಕಳಿಸಿ. ಉಳಿದ ಲೆಕ್ಕ ಆಟಗಾರನ ಫೋನೇ ಮಾಡಿಕೊಳ್ಳುತ್ತದೆ. ಡೇಟಾ ಎಷ್ಟೋ ಉಳಿಯುತ್ತದೆ.

ಒಂದು ಬೆಕ್ಕು ಜಾಸ್ತಿ ಇದ್ದರೆ ಏನಾಗುತ್ತದೆ

ಟೀಮ್ ಆಟ ಕಲಿಯುವವರು ಒಮ್ಮೆಯಾದರೂ ಕೈಯಾರೆ ಮಾಡಲೇಬೇಕಾದ ಲೆಕ್ಕ ಇದು. ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಬ್ರಿಟಿಷ್ ಎಂಜಿನಿಯರ್ ಮೊದಲ ಮಹಾಯುದ್ಧದ ಕಾಲದಲ್ಲಿ ಬರೆದಿಟ್ಟದ್ದು. ಎಲ್ಲರೂ ಎಲ್ಲರ ಮೇಲೂ ಎರಗಬಹುದಾದ ಬಯಲಿನಲ್ಲಿ ಒಂದು ಗುಂಪಿನ ಬಲ ಅದರ ಸಂಖ್ಯೆಯ ವರ್ಗದಷ್ಟು.

ಐದು ಬೆಕ್ಕು ಮೂರರ ಎದುರು ಬಂದವು ಅನ್ನಿ. 25ರಲ್ಲಿ 9 ಕಳೆದರೆ 16. ಅದರ ವರ್ಗಮೂಲ 4. ಮೂರೂ ಓಡಿಹೋದ ಮೇಲೆ ಈ ಕಡೆ ನಾಲ್ಕು ಇನ್ನೂ ನಿಂತಿರುತ್ತವೆ! ಐದಕ್ಕೆ ನಾಲ್ಕು ಎದುರಾದರೂ 25ರಲ್ಲಿ 16 ಕಳೆದರೆ 9, ಅಂದರೆ ಮೂರು ಉಳಿಯುತ್ತವೆ. ಇಷ್ಟು ಸಣ್ಣ ಸಂಖ್ಯೆಗೆ ಇದು ಅಂದಾಜು ಮಾತ್ರ, ಆದರೂ ದಿಕ್ಕು ಸರಿಯಾಗಿಯೇ ತೋರಿಸುತ್ತದೆ.

ಇಕ್ಕಟ್ಟಿನ ಸಂದಿಯಲ್ಲಿ ಒಂದರ ಎದುರು ಒಂದೇ ನಿಲ್ಲಲು ಸಾಧ್ಯ. ಅಲ್ಲಿ ವರ್ಗ ಇಲ್ಲ, ನೇರ ಕಳೆಯುವ ಲೆಕ್ಕ. ಐದರಲ್ಲಿ ಮೂರು ಹೋದರೆ ಎರಡು ಉಳಿಯಿತು, ಅಷ್ಟೇ. ಮ್ಯಾಪ್ ಮಾಡುವವರು ಇಲ್ಲಿ ಕಿವಿ ನಿಮಿರಿಸಬೇಕು. ಏಲಂ ಕಟ್ಟೆ ಬಯಲು, ಅಲ್ಲಿ ಜನ ಜಾಸ್ತಿ ಇದ್ದವರದ್ದೇ ದರ್ಬಾರು. ಐಸ್ ಪ್ಲಾಂಟಿನ ಪಕ್ಕ ಬಾಕ್ಸ್‌ಗಳನ್ನು ಆಳೆತ್ತರ ಪೇರಿಸಿ ನಡುವೆ ಒಂದು ಬೆಕ್ಕು ಹಿಡಿಯುವಷ್ಟು ಸಂದಿ ಬಿಟ್ಟರೆ, ಸೋಲುತ್ತಿರುವ ಮೂವರು ಅಲ್ಲಿ ಹೊಕ್ಕು ಐವರನ್ನು ತಡೆದು ನಿಲ್ಲಿಸಬಹುದು. ಸಂದಿಯ ಅಗಲ ಒಂದು ಬೆಕ್ಕಿನಿಂದ ಎರಡು ಬೆಕ್ಕಿಗೆ ಏರಿದರೂ ಪಂದ್ಯದ ಗತಿಯೇ ಬದಲಾಗುತ್ತದೆ. ಚಂದಕ್ಕೆ ಅಂತ ಬಾಕ್ಸ್ ಸರಿಸಬೇಡಿ.

ಆಟದ ನಡುವೆ ಯಾರಾದರೂ ನೆಟ್ ಹೋಗಿ ಬಿಟ್ಟುಹೋದರೆ? ಮಳೆಗಾಲದಲ್ಲಿ ಕರೆಂಟ್ ಹೋಗುವ ಊರು ನಮ್ಮದು, ಇದನ್ನು ಆಮೇಲೆ ನೋಡೋಣ ಅನ್ನುವಂತಿಲ್ಲ. ಲೆಕ್ಕ ಅದೇ. 25ನ್ನು 16ರಿಂದ ಭಾಗಿಸಿದರೆ 1.56. ಉಳಿದ ನಾಲ್ವರಿಗೆ ಧೈರ್ಯ 1.25 ಪಟ್ಟು, ದಿಟ್ಟಿಸುವ ಬಲವೂ 1.25 ಪಟ್ಟು ಮಾಡಿ. ಎರಡನ್ನೂ ಗುಣಿಸಿದರೆ ಅದೇ 1.56. ಬಯಲಿನಲ್ಲಿ ಸರಿಸಮ ಆಯಿತು. ಆದರೆ ಒಂದೇ ಹೊತ್ತಿಗೆ ಐದು ಕಡೆ ಇರುವ ಕೆಲಸ ನಾಲ್ವರಿಗೆ ಆಗುವುದಿಲ್ಲ, ಆ ಕೊರತೆ ಉಳಿದೇ ಉಳಿಯುತ್ತದೆ.

ಕಬಡ್ಡಿಯಿಂದ ತಂದದ್ದು

ಗೆಲ್ಲುವವರು ಗೆಲ್ಲುತ್ತಲೇ ಹೋಗುವುದು ಟೀಮ್ ಆಟಗಳ ದೊಡ್ಡ ರೋಗ. ಇದಕ್ಕೆ ಮದ್ದು ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಊರಿನ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ನೋಡಿದವರಿಗೆ ಎಲ್ಲ ಗೊತ್ತಿದೆ.

ಕಬಡ್ಡಿಯಲ್ಲಿ ಔಟಾದವನು ಗಡಿಯಾರ ನೋಡಿಕೊಂಡು ಒಳಗೆ ಬರುವುದಿಲ್ಲ. ತನ್ನ ತಂಡ ಎದುರಿನವರಲ್ಲಿ ಒಬ್ಬನನ್ನು ಔಟ್ ಮಾಡಿದಾಗ ಬರುತ್ತಾನೆ. ಇದು ಗೆಲ್ಲುವವರಿಗೇ ಇನ್ನಷ್ಟು ಬಲ ಕೊಡುವ ನಿಯಮ. ಅದು ಮಿತಿ ಮೀರದಂತೆ ಎರಡು ಬೇಲಿ ಇವೆ. ಏಳೂ ಜನ ಔಟಾದರೆ ಎದುರು ತಂಡಕ್ಕೆ ಎರಡು ಅಂಕ ಹೆಚ್ಚು, ಆದರೆ ಏಳೂ ಜನ ಒಟ್ಟಿಗೆ ವಾಪಸ್. ಇನ್ನೊಂದು, ಪ್ರೊ ಕಬಡ್ಡಿ ನೋಡುವವರಿಗೆ ಗೊತ್ತಿರುವ ಸೂಪರ್ ಟ್ಯಾಕಲ್: ಅಂಕಣದಲ್ಲಿ ಮೂರು ಅಥವಾ ಕಡಿಮೆ ಜನ ಇದ್ದಾಗ ರೈಡರನ್ನು ಹಿಡಿದರೆ ಒಂದು ಅಂಕ ಜಾಸ್ತಿ.

ಎರಡನ್ನೂ ಎತ್ತಿಕೊಂಡು ಬಂದೆವು. ಒಂದು ಬಣದ ಐದೂ ಬೆಕ್ಕು ಒಂದೇ ಹೊತ್ತಿಗೆ ಓಟ ಕಿತ್ತರೆ ಎದುರಿನವರಿಗೆ 40 ಅಂಕ, ಆ ಐದಕ್ಕೂ ಕೂಡಲೇ ಪೂರ್ತಿ ಧೈರ್ಯ. ಕೈಯಲ್ಲಿ ಒಂದೇ ಜಾಗ ಉಳಿದ ಬಣ ಯಾರನ್ನು ಓಡಿಸಿದರೂ ಹೆಚ್ಚುವರಿ 10 ಅಂಕ. ಸೋಲುವವರಿಗೆ ಗುಟ್ಟಾಗಿ ವೇಗ ಹೆಚ್ಚಿಸುವ ಆಟಗಳೂ ಇವೆ. ನನಗದು ಸರಿ ಕಾಣುವುದಿಲ್ಲ. ಸಹಾಯ ಮಾಡುವುದಾದರೆ ಕಬಡ್ಡಿಯ ಹಾಗೆ ಎಲ್ಲರಿಗೂ ಕಾಣುವಂತೆ, ಮೊದಲೇ ಹೇಳಿ ಮಾಡಬೇಕು.

ಬೋಟ್ ಬಂದಾಗ

ಪಂದ್ಯದ ನಡುವೆ ಒಮ್ಮೆ ಬೋಟ್ ಬರುತ್ತದೆ. ಯಾವ ಕಟ್ಟೆಗೆ ಅನ್ನುವುದು 30 ಸೆಕೆಂಡು ಮೊದಲೇ ಎರಡೂ ಬಣಕ್ಕೆ ಗೊತ್ತಾಗುತ್ತದೆ. ಬುಟ್ಟಿಯಿಂದ ಜಾರಿದ ಬಂಗುಡೆ ಕಚ್ಚಿಕೊಂಡು ತಮ್ಮ ಜಾಗಕ್ಕೆ ಮುಟ್ಟಿಸಿದರೆ 60 ಅಂಕ. ಬಾಯಲ್ಲಿ ಮೀನಿರುವ ಬೆಕ್ಕು ಎತ್ತರಕ್ಕೆ ಹಾರಲಾರದು, ದಿಟ್ಟಿಸಿ ಹೆದರಿಸಲೂ ಆಗದು. ಇನ್ನೊಂದು ಗಮ್ಮತ್ತು: ಮೀನು ಸಿಕ್ಕಿದ ಬೆಕ್ಕು ಯಾರಾದರೂ ಹತ್ತಿರ ಬಂದರೆ ಬಾಯಿ ಬಿಡದೆಯೇ ಗುರ್ರ್ ಅನ್ನುತ್ತದೆ, ನೀವೂ ಕೇಳಿರುತ್ತೀರಿ. ಅದನ್ನು ತಡೆಯುವ ಬಟನ್ ಕೊಡಬೇಡಿ. ಕತ್ತಲಲ್ಲಿ ಬಲೆಗಳ ರಾಶಿಯ ಹಿಂದೆ ಅಡಗಿ ಕೂತ ಕಳ್ಳನನ್ನು ಅವನ ಗುರ್ರ್ ಸದ್ದೇ ಹಿಡಿದುಕೊಡುತ್ತದೆ. ಹೆಡ್‌ಫೋನಿನ ಎಡ ಬಲ ಸರಿಯಾಗಿ ಕೇಳಿಸಬೇಕು ಅಷ್ಟೇ.

ಮಳೆಗಾಲಕ್ಕೆ ಬೇರೆ ಮ್ಯಾಪ್. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಬೋಟ್ ಬರುವುದಿಲ್ಲ, ಒಣಮೀನಿನ ಗೋದಾಮಿಗೆ ಸೆಕೆಂಡಿಗೆ ಎರಡು ಅಂಕ. ಬಯಲಿನ ಗುರುತನ್ನು ಮಳೆ ತೊಳೆಯುತ್ತದೆ, 15 ಸೆಕೆಂಡಿಗೇ ಅರ್ಧ. ಮಾಡಿನ ಕೆಳಗಿನ ಗುರುತಿಗೆ ಏನೂ ಆಗುವುದಿಲ್ಲ. ಹಂಚಿನ ಮೇಲೆ ಪಾಚಿ, ಓಡಿದರೆ ಜಾರುತ್ತದೆ.

ಸರ್ವರ್ ವಿಷಯ, ಚುಟುಕಾಗಿ

ಫೈಬರಿನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಸರ್ವರ್ ಮುಂಬೈಯಲ್ಲಿದ್ದು ಕೇಬಲ್ ದಾರಿ 1000 ಕಿಲೋಮೀಟರ್ ಅಂತ ಇಟ್ಟುಕೊಂಡರೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡು. ಮನೆಯ ವೈಫೈ, ಮೊಬೈಲ್ ಟವರ್ ಎಲ್ಲ ಸೇರಿದರೆ ಇದರ ಹಲವು ಪಟ್ಟು. ಇದರ ಮೇಲೆ, ಬೇರೆಯವರ ಚಲನೆ ನಯವಾಗಿ ಕಾಣಲಿ ಅಂತ ಅವರನ್ನು 100 ಮಿಲಿಸೆಕೆಂಡು ಹಿಂದಿನ ಜಾಗದಲ್ಲಿ ತೋರಿಸುವುದು ವಾಡಿಕೆ. ಸೆಕೆಂಡಿಗೆ 8 ಮೀಟರ್ ಓಡುವ ಬೆಕ್ಕು ಅಷ್ಟರಲ್ಲಿ 80 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ತನ್ನ ಮೈಯುದ್ದಕ್ಕಿಂತ ಜಾಸ್ತಿ. ಪಂಜ ಬೀಸುವ ಆಟವಾಗಿದ್ದರೆ 'ನಾನು ಹೊಡೆದೆ, ತಾಗಲಿಲ್ಲ' ಅಂತ ದಿನಾ ಗಲಾಟೆ. ಮೂರು ಸೆಕೆಂಡು ದಿಟ್ಟಿಸುವ ಆಟದಲ್ಲಿ ಆ ಹತ್ತನೇ ಒಂದು ಸೆಕೆಂಡು ಗೊತ್ತೇ ಆಗುವುದಿಲ್ಲ. ಧೈರ್ಯದ ಲೆಕ್ಕ ಮಾತ್ರ ಸರ್ವರೇ ಇಡಬೇಕು. ಫೋನಿನ ಮಾತು ನಂಬಿದರೆ ಮೋಸ ಮಾಡುವವರಿಗೆ ಹಬ್ಬ.

ಇಷ್ಟನ್ನೂ ಪರೀಕ್ಷಿಸಲು ಕಂಪ್ಯೂಟರ್ ಬೇಡ. ಚೌಕ ಗೆರೆಯ ಹಾಳೆಯಲ್ಲಿ ದಕ್ಕೆ ಬರೆದು, ಚೆನ್ನೆಮಣೆಯ ಕಾಯಿಗಳನ್ನು ಬೆಕ್ಕು ಮಾಡಿ, ಒಂದು ಸರದಿಗೆ ಐದು ಸೆಕೆಂಡು ಅಂತ ಹಿಡಿದು ಆಡಿ. ಆಡುವಾಗ ಒಬ್ಬರು ಬರೆದಿಡಬೇಕಾದ್ದು ಎರಡೇ: ಮುನ್ನಡೆ ಎಷ್ಟು ಸಲ ಕೈ ಬದಲಾಯಿತು, ಯಾವ ಜಾಗಕ್ಕೆ ಯಾರೂ ಹೋಗಲೇ ಇಲ್ಲ. ಹಿಂಬಾಗಿಲಿಗೆ ಯಾರೂ ಹೋಗುತ್ತಿಲ್ಲ ಅಂತ ಕಂಡರೆ ಅಂಕ ಏರಿಸುವ ಮೊದಲು ದಾರಿಯ ಉದ್ದ ಅಳೆದು ನೋಡಿ.