ಗಲಪಾಗೋಸ್‌ಗೆ ಆಮೆ, ಇಗ್ವಾನಾಗಳು ಬಂದದ್ದು ಹೇಗೆ?

ಪ್ರಶ್ನೆ: ಗಲಪಾಗೋಸ್ ದ್ವೀಪಗಳು ಯಾವತ್ತೂ ಯಾವ ಖಂಡಕ್ಕೂ ಸೇರಿರಲಿಲ್ಲ ಎನ್ನುತ್ತಾರೆ. ಹಾಗಿದ್ದ ಮೇಲೆ ಆಮೆ, ಇಗ್ವಾನಾ (ಒಂದು ಬಗೆಯ ದೊಡ್ಡ ಹಲ್ಲಿ), ಹಾವುಗಳು ಅಲ್ಲಿಗೆ ಹೋಗಿದ್ದಾದರೂ ಹೇಗೆ?

ಉತ್ತರ: ತೇಲಿಕೊಂಡು ಹೋದವು. ನಂಬುವುದು ಕಷ್ಟ, ಆದರೆ ಬೇರೆ ದಾರಿಯೇ ಇರಲಿಲ್ಲ. ಈಕ್ವೆಡಾರ್ ದೇಶಕ್ಕೆ ಸೇರಿದ ಈ ದ್ವೀಪಗಳು ದಕ್ಷಿಣ ಅಮೆರಿಕದ ಕರಾವಳಿಯಿಂದ ಸುಮಾರು 1000 ಕಿ.ಮೀ. ಪಶ್ಚಿಮಕ್ಕಿವೆ. ಪೆಸಿಫಿಕ್ ಸಾಗರದ ತಳದಿಂದ ಜ್ವಾಲಾಮುಖಿಗಳು ಉಕ್ಕಿ ಎದ್ದ ನೆಲ ಅದು. ಮೊದಲಿಗೆ ಅಲ್ಲಿ ಇದ್ದದ್ದು ಬರೀ ಲಾವಾ ಬಂಡೆ.

ನೆರೆ ಬಂದಾಗ ನದಿ ದಂಡೆಯ ಮರಗಳು ಬುಡಸಮೇತ ಕಿತ್ತು, ಬಳ್ಳಿ ಬೇರುಗಳ ಸಿಕ್ಕಿನೊಂದಿಗೆ ಕಡಲು ಸೇರುತ್ತವೆ. ಮೇಲೆ ಕೂತಿದ್ದ ಹಲ್ಲಿಯೋ ಹಾವೋ ಜೊತೆಗೇ ಸಾಗುತ್ತದೆ. ಪೆರು ಕರಾವಳಿಗುಂಟ ಉತ್ತರಕ್ಕೆ ಹರಿದು ಪಶ್ಚಿಮಕ್ಕೆ ತಿರುಗುವ ಹಂಬೋಲ್ಟ್ ಪ್ರವಾಹ ಇಂಥವನ್ನು ದ್ವೀಪಗಳ ದಿಕ್ಕಿಗೆ ಒಯ್ಯಬಲ್ಲದು. ಇದು ಬರೀ ಊಹೆಯಲ್ಲ. 1995ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಚಂಡಮಾರುತಗಳು ಬೀಸಿದ ಬಳಿಕ, ಆಂಗ್ವಿಲಾ ದ್ವೀಪದ ದಡಕ್ಕೆ ಮರಗಳ ರಾಶಿಯೊಂದು ಬಂದು ತಾಗಿತು. ಅದರ ಮೇಲೆ ಕನಿಷ್ಠ 15 ಹಸಿರು ಇಗ್ವಾನಾಗಳಿದ್ದವು. ಆ ದ್ವೀಪದಲ್ಲಿ ಅದುವರೆಗೆ ಆ ಜಾತಿಯೇ ಇರಲಿಲ್ಲ.

ಆಮೆಗೆ ಮರವೂ ಬೇಕಿಲ್ಲ, ಅದು ತಾನೇ ತೇಲುತ್ತದೆ. ನನ್ನನ್ನು ಹೆಚ್ಚು ಬೆರಗುಗೊಳಿಸುವುದು 2004ರಲ್ಲಿ ತಾಂಜಾನಿಯಾದ ಕಡಲತೀರಕ್ಕೆ ನಡೆದು ಬಂದ ಒಂದು ದೈತ್ಯ ಆಮೆ. ತೀರಾ ಬಡಕಲಾಗಿತ್ತು. ಹಡಗಿನ ಅಡಿಭಾಗಕ್ಕೆ ಹತ್ತುವಂಥ ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳು ಅದರ ಕಾಲುಗಳಿಗೆ ದಟ್ಟವಾಗಿ ಅಂಟಿಕೊಂಡಿದ್ದವು. ಅಷ್ಟು ಬೆಳೆಯಬೇಕಾದರೆ ವಾರಗಟ್ಟಲೆ ನೀರಿನಲ್ಲೇ ಇದ್ದಿರಬೇಕು. ಬಹುಶಃ 700 ಕಿ.ಮೀ.ಗೂ ಹೆಚ್ಚು ದೂರದಲ್ಲಿರುವ, ಹಿಂದೂ ಮಹಾಸಾಗರದ ಅಲ್ದಾಬ್ರಾ ದ್ವೀಪದಿಂದ ಬಂದದ್ದು. ಗಲಪಾಗೋಸ್ ಆಮೆಗಳ ತಾಳಿಕೆಯೂ ಕಡಿಮೆಯಲ್ಲ. ತಿಂಗಳುಗಟ್ಟಲೆ ಅನ್ನ ನೀರಿಲ್ಲದೆ ಬದುಕುತ್ತವೆ ಎಂದೇ ತಿಮಿಂಗಿಲ ಬೇಟೆಗಾರರು ಅವನ್ನು ಹಡಗಿನಲ್ಲಿ ಜೀವಂತ ಪೇರಿಸಿಟ್ಟು, ಬೇಕಾದಾಗ ಕೊಂದು ತಿನ್ನುತ್ತಿದ್ದರು. ಆ ಕ್ರೂರ ಲೂಟಿಯಲ್ಲಿ ಲಕ್ಷಕ್ಕೂ ಹೆಚ್ಚು ಆಮೆಗಳು ಹೋದವೆಂದು ಅಂದಾಜು.

ಇನ್ನು, ಯಾರು ಬರಲಿಲ್ಲ ಎಂಬುದನ್ನೂ ನೋಡಿ. ಗಲಪಾಗೋಸ್‌ಗೆ ಸ್ವಂತದ್ದೆನ್ನುವ ಒಂದೇ ಒಂದು ಕಪ್ಪೆಯಿಲ್ಲ. ಕಪ್ಪೆಯ ತೇವದ ಚರ್ಮ ಉಪ್ಪುನೀರನ್ನೂ ಬಿಸಿಲನ್ನೂ ತಡೆಯದು, ಮೊಟ್ಟೆಗೆ ಚಿಪ್ಪಿಲ್ಲ. ಸರೀಸೃಪದ ಒಣ ಹುರುಪೆ ಚರ್ಮ ಮೈನೀರನ್ನು ಹಿಡಿದಿಡುತ್ತದೆ. ಬಿಸಿರಕ್ತದ ಪ್ರಾಣಿಗಳಿಗಿರುವಷ್ಟು ಹಸಿವೂ ಅದಕ್ಕಿಲ್ಲ. ಸಸ್ತನಿಗಳಲ್ಲಿ ಮನುಷ್ಯರ ನೆರವಿಲ್ಲದೆ ಬಂದು ಆ ನೆಲದಲ್ಲಿ ನೆಲೆಸಿದ್ದು ಸಣ್ಣ ಇಲಿಗಳು ಮತ್ತು ಬಾವಲಿಗಳಷ್ಟೇ.

ಬಂದವು ಬಂದ ಹಾಗೆಯೇ ಉಳಿಯಲಿಲ್ಲ. ಒಂದೇ ಮೂಲದ ಇಗ್ವಾನಾಗಳಲ್ಲಿ ಕೆಲವು ನೆಲದಲ್ಲಿ ಪಾಪಾಸುಕಳ್ಳಿ ತಿನ್ನುತ್ತ ಉಳಿದವು. ಇನ್ನೊಂದು ಕವಲು ಕಡಲಿಗಿಳಿದು ಪಾಚಿ ಮೇಯತೊಡಗಿತು. ಹೀಗೆ ಸಮುದ್ರದಲ್ಲಿ ಮೇವು ಹುಡುಕುವ ಇಗ್ವಾನಾ ಜಗತ್ತಿನಲ್ಲಿ ಇದೊಂದೇ. ದೇಹಕ್ಕೆ ಸೇರಿದ ಹೆಚ್ಚಿನ ಉಪ್ಪನ್ನು ಅದು ಮೂಗಿನಿಂದ ಚಿಮ್ಮಿ ಹೊರಹಾಕುತ್ತದೆ. ಅದೇ ಉಪ್ಪು ನೆತ್ತಿಯ ಮೇಲೆ ಬಿದ್ದು ಬೆಳ್ಳಗೆ ಒಣಗಿರುತ್ತದೆ.

ಆದರೆ ಈ ಎರಡು ಕವಲು ಬೇರೆಯಾದದ್ದು ಸುಮಾರು 45 ಲಕ್ಷ ವರ್ಷಗಳ ಹಿಂದೆ ಎಂಬ ಅಂದಾಜಿದೆ. ಇಂದು ನೀರಿನ ಮೇಲಿರುವ ದ್ವೀಪಗಳಿಗೆ ಅಷ್ಟು ವಯಸ್ಸಿಲ್ಲ. ಹಾಗಾದರೆ ಮೊದಲು ಇಳಿದದ್ದೆಲ್ಲಿ? ಇಲ್ಲಿನ ಭೂಫಲಕ, ಅಂದರೆ ದ್ವೀಪಗಳನ್ನು ಹೊತ್ತಿರುವ ಭೂಮಿಯ ಹೊರಪದರದ ತುಂಡು, ಪೂರ್ವಕ್ಕೆ ಸರಿಯುತ್ತಿದೆ. ಅದರೊಂದಿಗೆ ಸಾಗುವ ಹಳೆಯ ದ್ವೀಪಗಳು ಸವೆದು ಮುಳುಗುತ್ತವೆ, ಪಶ್ಚಿಮದಲ್ಲಿ ಹೊಸವು ಏಳುತ್ತವೆ. ಅಂಥ ಮುಳುಗಿದ ದ್ವೀಪಗಳು ಪೂರ್ವದ ಕಡಲತಳದಲ್ಲಿ ಪತ್ತೆಯಾಗಿವೆ. ಇಗ್ವಾನಾಗಳ ಪೂರ್ವಜರು ಕಾಲಿಟ್ಟದ್ದು ಅವುಗಳಲ್ಲೊಂದರ ಮೇಲೆ ಇರಬೇಕು.