ಓಪನ್ ಆಕ್ಸೆಸ್: ಯಾರ ವಿದ್ಯುತ್ ಕೊಳ್ಳಬೇಕೆಂದು ಕಾರ್ಖಾನೆಯೇ ತೀರ್ಮಾನಿಸುವುದು

ಪೀಣ್ಯದ ಕಾರ್ಖಾನೆಗೆ ವಿದ್ಯುತ್ ಬರುವುದು ಬೆಸ್ಕಾಂ ತಂತಿಯಲ್ಲೇ. ಆದರೆ ಅದನ್ನು ಮಾರಿದವರು ಬೆಸ್ಕಾಂನವರೇ ಆಗಿರಬೇಕೆಂದಿಲ್ಲ. ಗದಗಿನ ಗಾಳಿಯಂತ್ರದ ಮಾಲೀಕರಿಂದಲೋ ಬೇರೆ ಜಿಲ್ಲೆಯ ಸೌರ ಘಟಕದಿಂದಲೋ ನೇರವಾಗಿ ಕೊಂಡು, ರಾಜ್ಯದ ಪ್ರಸರಣ ನಿಗಮ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳ (ಬೆಸ್ಕಾಂನಂಥ ವಿತರಣಾ ಕಂಪನಿಗಳ) ಜಾಲದ ಮೂಲಕ ತರಿಸಿಕೊಳ್ಳಬಹುದು. ಜಾಲ ಬಳಸಿದ್ದಕ್ಕೆ ಬಾಡಿಗೆ ಕಟ್ಟಬೇಕು. ಈ ಹಕ್ಕಿಗೆ ಓಪನ್ ಆಕ್ಸೆಸ್, ಅಂದರೆ ಮುಕ್ತ ಪ್ರವೇಶ ಎಂದು ಹೆಸರು.

ಇದಕ್ಕೆ ಆಧಾರ 2003ರ ವಿದ್ಯುತ್ ಕಾಯ್ದೆಯ 42ನೇ ಸೆಕ್ಷನ್. ಬಹುಕಾಲ ಇದು 1 ಮೆಗಾವಾಟ್‌ಗಿಂತ ಹೆಚ್ಚು ಬೇಡಿಕೆಯುಳ್ಳ ದೊಡ್ಡವರ ಸೌಲಭ್ಯವಾಗಿತ್ತು. ಹಸಿರು ವಿದ್ಯುತ್ತಿನ ಮಟ್ಟಿಗೆ 2022ರ ಜೂನ್‌ನಲ್ಲಿ ಕೇಂದ್ರದ ನಿಯಮಗಳು ಈ ಮಿತಿಯನ್ನು 100 ಕಿಲೋವಾಟ್‌ಗೆ ಇಳಿಸಿದವು. ಮಧ್ಯಮ ಗಾತ್ರದ ಆಸ್ಪತ್ರೆ, ಹೋಟೆಲ್, ಬಿಡಿಭಾಗ ತಯಾರಕರಿಗೂ ಬಾಗಿಲು ತೆರೆದದ್ದು ಆಗ.

ಮಾರಾಟಗಾರರನ್ನು ಆರಿಸುವಾಗ ಹೆಚ್ಚಿನವರು ಎಡವುವುದು ಯೂನಿಟ್ ದರದಲ್ಲಿ. ಲೆಕ್ಕದ ಅನುಕೂಲಕ್ಕೆ ಘಟಕದ ಬಾಗಿಲಲ್ಲಿ ದರ ₹4 ಎಂದಿಟ್ಟುಕೊಳ್ಳೋಣ. ದಾರಿಯಲ್ಲಿ ಶೇ 8ರಷ್ಟು ನಷ್ಟವಾದರೆ 100 ಯೂನಿಟ್‌ನಲ್ಲಿ ನಿಮ್ಮ ಮೀಟರಿಗೆ ತಲುಪುವುದು 92. ಅಲ್ಲಿಗೇ ದರ ₹4.35 ಆಯಿತು. ಮೇಲೆ ಪ್ರಸರಣ ಶುಲ್ಕ, ವೀಲಿಂಗ್ ಶುಲ್ಕ (ಎಸ್ಕಾಂ ತಂತಿಯ ಬಾಡಿಗೆ), ಕ್ರಾಸ್ ಸಬ್ಸಿಡಿ ಸರ್ಚಾರ್ಜ್ (ಹೊರಗಿನಿಂದ ಕೊಳ್ಳುವವರು ಎಸ್ಕಾಂನ ಸಬ್ಸಿಡಿ ಹೊರೆಗೆ ಕಟ್ಟುವ ಪಾಲು), ಹೆಚ್ಚುವರಿ ಸರ್ಚಾರ್ಜ್ (ಗ್ರಾಹಕ ಹೊರಹೋದರೂ ಎಸ್ಕಾಂಗೆ ತಪ್ಪದ ವಿದ್ಯುತ್ ಖರೀದಿ ವೆಚ್ಚದ ಪಾಲು). ಎಸ್ಕಾಂ ಜೊತೆಗಿನ ಸಂಪರ್ಕ ಉಳಿಸಿಕೊಂಡಿದ್ದರೆ ಅದರ ನಿಗದಿತ ಶುಲ್ಕವೂ ತಪ್ಪುವುದಿಲ್ಲ. ಎಸ್ಕಾಂ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಇವೆಲ್ಲ ಕೂಡಿದ ದರವನ್ನು. ಅದನ್ನು ಬರವಣಿಗೆಯಲ್ಲಿ ಕೊಡಲು ಹಿಂಜರಿಯುವ ಮಾರಾಟಗಾರರನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಕ್ರಾಸ್ ಸಬ್ಸಿಡಿ ಸರ್ಚಾರ್ಜನ್ನು ದಂಡವೆಂದು ಬೈಯುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಕೆಲವು ವರ್ಗದ ಗ್ರಾಹಕರಿಗೆ ಕಡಿಮೆ ದರದಲ್ಲಿ ವಿದ್ಯುತ್ ಸಿಗುವುದಕ್ಕೆ ಉದ್ಯಮಗಳು ಕಟ್ಟುವ ಹೆಚ್ಚಿನ ದರವೂ ಒಂದು ಕಾರಣ. ಹೆಚ್ಚು ಕಟ್ಟುವವರು ಹೊರನಡೆದರೆ ಆ ಹೊರೆ ಉಳಿದವರ ಮೇಲೆ ಬೀಳುತ್ತದೆ.

ಈ ಸರ್ಚಾರ್ಜಿನಿಂದ ಕಾನೂನುಬದ್ಧವಾಗಿ ಹೊರಬರುವ ದಾರಿ ಗ್ರೂಪ್ ಕ್ಯಾಪ್ಟಿವ್. ಹಲವು ಕಂಪನಿಗಳು ಸೇರಿ ಒಂದು ಘಟಕದಲ್ಲಿ ಕನಿಷ್ಠ ಶೇ 26 ಪಾಲು ಹೊಂದಿ, ವರ್ಷದ ಉತ್ಪಾದನೆಯಲ್ಲಿ ಕನಿಷ್ಠ ಶೇ 51ನ್ನು ತಾವೇ ಬಳಸಿದರೆ ಈ ಸರ್ಚಾರ್ಜ್ ಇಲ್ಲ. ಇಂಥವರಿಗೆ ಹೆಚ್ಚುವರಿ ಸರ್ಚಾರ್ಜ್ ಕೂಡ ಅನ್ವಯಿಸದು ಎಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಬಳಕೆ ಶೇ 51ಕ್ಕಿಂತ ಕೆಳಗಿಳಿದ ವರ್ಷ ವಿನಾಯಿತಿ ಕೈತಪ್ಪುತ್ತದೆ. ಆಗ ಬರುವ ಬಾಕಿಯನ್ನು ಯಾರು ಕಟ್ಟಬೇಕೆಂದು ಪಾಲುದಾರರು ಮೊದಲೇ ಬರೆದಿಟ್ಟುಕೊಳ್ಳಬೇಕು.

ಇನ್ನು ಹೊತ್ತಿನ ಪ್ರಶ್ನೆ. ವಿದ್ಯುತ್ ಮಾರುಕಟ್ಟೆ ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ಎಣಿಸುತ್ತದೆ. ಸೌರ ಘಟಕ ಉತ್ಪಾದಿಸುವುದು ಹಗಲಿನಲ್ಲಿ; ನಿಮ್ಮ ಯಂತ್ರಗಳು ಓಡುವುದು ರಾತ್ರಿ ಪಾಳಿಯಲ್ಲಾದರೆ ಮಿಕ್ಕ ಯೂನಿಟ್‌ಗಳನ್ನು ಜಾಲದಲ್ಲಿ ಜಮಾ ಇಟ್ಟು ಆಮೇಲೆ ಪಡೆಯಬೇಕು. ಇದೇ ಬ್ಯಾಂಕಿಂಗ್. ಅದಕ್ಕೂ ಶುಲ್ಕವಿದೆ, ಅವಧಿಯಿದೆ. ಹಾಗಾಗಿ ಬೆಲೆ ಕೇಳುವ ಮೊದಲು ಕನಿಷ್ಠ ಒಂದು ವರ್ಷದ ಮೀಟರ್ ದತ್ತಾಂಶ ತೆಗೆದು ಯಾವ ಹೊತ್ತಿನಲ್ಲಿ ಎಷ್ಟು ಎಳೆಯುತ್ತೀರಿ ಎಂಬುದನ್ನು ನೋಡಿ. ವಿದ್ಯುತ್ ವಿನಿಮಯ ಕೇಂದ್ರದಿಂದ ದಿನದಿನಕ್ಕೆ ಕೊಳ್ಳುವ ಆಯ್ಕೆಯೂ ಇದೆ. 2022ರ ಮಾರ್ಚ್‌ನಲ್ಲಿ ಅಲ್ಲಿ ಯೂನಿಟ್ ದರ ₹20 ಮುಟ್ಟಿತ್ತು. ಸಣ್ಣ ಉದ್ಯಮ ಅದನ್ನೇ ಪೂರ್ತಿ ನೆಚ್ಚಿಕೊಳ್ಳಬಾರದು.

ಒಪ್ಪಂದದಲ್ಲಿ ಎಲ್ಲಕ್ಕಿಂತ ಎಚ್ಚರದಿಂದ ಓದಬೇಕಾದದ್ದು ಕಾನೂನು ಬದಲಾದರೆ ಏನು ಎಂಬ ಷರತ್ತು. 2023ರ ಅಕ್ಟೋಬರ್‌ನಲ್ಲಿ, ಬರದ ನಡುವೆ, ರಾಜ್ಯ ಸರ್ಕಾರ ಅದೇ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ರಾಜ್ಯದ ಉತ್ಪಾದಕರು ವಿದ್ಯುತ್ತನ್ನು ರಾಜ್ಯದ ಜಾಲಕ್ಕೇ ಕೊಡಬೇಕೆಂದು ಆದೇಶಿಸಿತು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಮೇಲೆ ಹೇಳಿದ 2022ರ ಕೇಂದ್ರ ನಿಯಮಗಳನ್ನೇ ರದ್ದುಪಡಿಸಿ, ಓಪನ್ ಆಕ್ಸೆಸ್‌ಗೆ ನಿಯಮ ರೂಪಿಸುವ ಅಧಿಕಾರ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ್ದು (ಕೆಇಆರ್‌ಸಿ) ಎಂದಿತು. ಆದ್ದರಿಂದ ಸಹಿ ಹಾಕುವ ದಿನ ಕೆಇಆರ್‌ಸಿಯ ಯಾವ ಆದೇಶ ಜಾರಿಯಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ. ಶುಲ್ಕ ಏರಿದರೆ ಹೊರೆ ಯಾರದು, ಪೂರೈಕೆ ನಿಂತರೆ ಪರಿಹಾರವೆಷ್ಟು, ಅವಧಿಗೆ ಮುನ್ನ ಹೊರಬರಲು ಎಷ್ಟು ಕಟ್ಟಬೇಕು, ಈ ಮೂರಕ್ಕೂ ಒಪ್ಪಂದದಲ್ಲೇ ಉತ್ತರವಿರಬೇಕು.