ಉಗ್ರಾಣದ ಬೀಗದಕೈ ಯಾರ ಹತ್ತಿರ?

ಕಾರವಾರದಿಂದ ಹುಡುಗನೊಬ್ಬ ಫೋನ್ ಮಾಡಿದ್ದ. ದೋಣಿಯ ಇಂಜಿನ್ ಬಿಸಿಯಾದರೆ ಅಲಾರಾಂ ಹೊಡೆಯುವ, ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್ ಬೋರ್ಡ್ ಮಾಡುತ್ತಿದ್ದಾನೆ. ಅಲಾರಾಂ ಒಮ್ಮೊಮ್ಮೆ ತಡವಾಗುತ್ತದಂತೆ. ‘ಸರ್, ಅಲಾರಾಂ ಥ್ರೆಡ್‌ಗೆ ಆದ್ಯತೆ 99 ಕೊಟ್ಟಿದ್ದೇನೆ. ಇನ್ನೂ ಜಾಸ್ತಿ ಕೊಡೋಕೆ ಬರಲ್ವಾ?’

ಬರುವುದಿಲ್ಲ. ಥ್ರೆಡ್ ಅಂದರೆ ಪ್ರೋಗ್ರಾಂನೊಳಗೆ ತನ್ನಷ್ಟಕ್ಕೆ ಓಡುವ ಒಂದು ಕೆಲಸ. ಲಿನಕ್ಸ್‌ನಲ್ಲಿ ರಿಯಲ್‌ಟೈಮ್, ಅಂದರೆ ಹೊತ್ತಿಗೆ ಸರಿಯಾಗಿ ಆಗಲೇಬೇಕಾದ ಥ್ರೆಡ್‌ಗಳ ಆದ್ಯತೆ 1ರಿಂದ 99; ಸಂಖ್ಯೆ ಏರಿದಷ್ಟೂ ಮೇಲಿನವನು. ಸಾಮಾನ್ಯ ಥ್ರೆಡ್‌ಗಳ ಲೆಕ್ಕ ಬೇರೆ; ಅವಕ್ಕೆ -20ರಿಂದ 19ರ ತನಕ ‘ನೈಸ್’ ಸಂಖ್ಯೆ. ಸಂಖ್ಯೆ ಏರಿದಷ್ಟೂ ಪಾಪದವನು, ಸಿಪಿಯು ಬೇರೆಯವರಿಗೆ ಬಿಟ್ಟುಕೊಡುತ್ತಾನೆ. 0 ಇರುವವನ ಎದುರು 19 ಇರುವವನಿಗೆ ನೂರರಲ್ಲಿ ಒಂದೂವರೆ ಪಾಲು ಸಿಕ್ಕರೆ ಹೆಚ್ಚು. ಆದರೂ ಉಪವಾಸವಿಲ್ಲ. ರಿಯಲ್‌ಟೈಮ್‌ನಲ್ಲಿ ಈ ಪಾಲುಪಟ್ಟಿ ಇಲ್ಲ. ಮೇಲಿನವನು ಏಳುವ ತನಕ ಕೆಳಗಿನವನಿಗೆ ಎಲೆಯೇ ಬೀಳದು.

ನಾನೂ ಒಮ್ಮೆ ಒಂದೇ ಕೋರ್‌ನ (ಒಂದು ಸಲಕ್ಕೆ ಒಂದೇ ಥ್ರೆಡ್ ಓಡಿಸುವ) ಬೋರ್ಡ್‌ನಲ್ಲಿ ಸುಮ್ನೆ ಸುತ್ತುವ ಥ್ರೆಡ್‌ಗೆ 99 ಕೊಟ್ಟು ಕೂತಿದ್ದೆ. ಒಂದು ಅಕ್ಷರ ಒತ್ತಿದರೆ ಅದು ಪರದೆ ಮೇಲೆ ಬರಲು ಸೆಕೆಂಡ್ ಹತ್ತಿರ ಬೇಕಾಯಿತು. ಅಷ್ಟಾದರೂ ಬಂದದ್ದು ಏಕೆ ಗೊತ್ತಾ? ಆ ಕರ್ನಲ್ (ಸಿಪಿಯು ಹಂಚುವ, ಲಿನಕ್ಸ್‌ನ ತಿರುಳು) ರಿಯಲ್‌ಟೈಮ್‌ನವರಿಗೆ ಪ್ರತಿ ಸೆಕೆಂಡಿನಲ್ಲಿ 0.95 ಸೆಕೆಂಡ್ ಮಾತ್ರ ಕೊಟ್ಟು, ಉಳಿದ 0.05 ಅನ್ನು ಬಡವರಿಗೆ ಎತ್ತಿಡುತ್ತಿತ್ತು. ಆ ಚೂರಿನಲ್ಲೇ ಅದನ್ನು ನಿಲ್ಲಿಸುವ ‘ಕಿಲ್’ ಆಜ್ಞೆ ಬರೆದು ಬಚಾವಾದೆ.

ಹುಡುಗನ ತೊಂದರೆ ಇದಲ್ಲ. ನಮ್ಮ ಶಿರಸಿ ಕಡೆಯ ಮದುವೆ ಮನೆ ನೆನಪಿಸಿಕೊಳ್ಳಿ. ಪಂಕ್ತಿ ಕೂತಾಗಿದೆ, ಅಡಿಗೆ ಭಟ್ಟರಿಗೆ ತುಪ್ಪ ಬೇಕು. ಉಗ್ರಾಣದ ಬೀಗದಕೈ ಇರುವುದು ಒಬ್ಬ ಚಿಕ್ಕ ಹುಡುಗನ ಹತ್ತಿರ. ಅವನನ್ನು ದಾರಿಯಲ್ಲೇ ನೆಂಟರು ಹಿಡಿದಿದ್ದಾರೆ. ‘ತಮಾ, ಕಂಬಳಿ ಹಾಸು’, ‘ತಮಾ, ಇಲ್ಲಿ ಆಸರಿಗೆ ಕೊಡು’. ನೆಂಟರು ಭಟ್ಟರಿಗೆ ಅಡ್ಡ ಬಂದಿಲ್ಲ, ಬೀಗದಕೈ ಮುಟ್ಟಿಲ್ಲ. ಆದರೂ ಆ ಹೊತ್ತಿನಲ್ಲಿ ಎಲ್ಲರಿಗಿಂತ ಮುಖ್ಯರಾದ ಭಟ್ಟರು ಕೈಕಟ್ಟಿ ನಿಂತಿದ್ದಾರೆ. ಇದಕ್ಕೇ ಪ್ರಯಾರಿಟಿ ಇನ್ವರ್ಶನ್ ಅನ್ನುವುದು. ಭಟ್ಟರ ಅಂತಸ್ತು ಎಷ್ಟೇ ಏರಿಸಿದರೂ ತುಪ್ಪ ಬರುವುದಿಲ್ಲ, ಅಲ್ವಾ?

1997ರ ಜುಲೈ 4ರಂದು ಮಂಗಳ ಗ್ರಹದಲ್ಲಿ ಇಳಿದ ನಾಸಾದ ಪಾತ್‌ಫೈಂಡರ್ ನೌಕೆಗೂ ಇದೇ ಗತಿಯಾಗಿತ್ತು. ಹವಾಮಾನ ದಾಖಲಿಸುವ ಕೆಳಗಿನ ಕೆಲಸದ ಕೈಯಲ್ಲಿ ಲಾಕ್ (ಬೀಗದಕೈಯಂತೆ ಒಂದು ಸಲಕ್ಕೆ ಒಬ್ಬರಿಗೇ ಸಿಗುವಂಥದು), ನಡುವಿನ ಕೆಲಸಗಳ ಗಲಾಟೆ, ಡೇಟಾ ಬಸ್ (ಭಾಗಗಳ ನಡುವೆ ಮಾಹಿತಿ ಸಾಗುವ ದಾರಿ) ನೋಡಿಕೊಳ್ಳುವ ಮೇಲಿನ ಕೆಲಸಕ್ಕೆ ಕಾಯುವ ಪಾಡು. ಕಾವಲಿಗಿದ್ದ ಟೈಮರ್ ‘ಏನೋ ಕೆಟ್ಟಿದೆ’ ಎಂದು ಮತ್ತೆ ಮತ್ತೆ ರೀಸೆಟ್ ಮಾಡುತ್ತಿತ್ತು. ಕೊನೆಗೆ ಭೂಮಿಯಿಂದಲೇ ಪ್ರಯಾರಿಟಿ ಇನ್‌ಹೆರಿಟೆನ್ಸ್ ಆನ್ ಮಾಡಿದರು. ಅಂದರೆ, ಬೀಗದಕೈ ಕೈಯಲ್ಲಿರುವ ತನಕ ಆ ಹುಡುಗನಿಗೂ ಭಟ್ಟರದೇ ಮರ್ಯಾದೆ. ನೆಂಟರು ಕರೆದರೂ ನಿಲ್ಲಬೇಕಾಗಿಲ್ಲ.

ಕಾರವಾರದವನೂ ತನ್ನ ಮ್ಯೂಟೆಕ್ಸ್‌ಗೆ, ಅಂದರೆ ಲಾಕ್‌ಗೆ, ಅದನ್ನು ಹಾಕಿದ. ತಡ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕೋಡ್ ತರಿಸಿ ನೋಡಿದೆ. ನಡೆದದ್ದನ್ನು ಬರೆದಿಡುವ ಲಾಗ್ ಥ್ರೆಡ್, ಅಲಾರಾಂಗೂ ಬೇಕಾದ ಲಾಕ್ ಹಿಡಿದುಕೊಂಡೇ ಎಸ್‌ಡಿ ಕಾರ್ಡ್‌ಗೆ ಬರೆಯುತ್ತಿತ್ತು! ಬೀಗದಕೈ ಸಮೇತ ಪೇಟೆಗೆ ಹೋದವನಿಗೆ ಮರ್ಯಾದೆ ಕೊಟ್ಟು ಏನು ಮಾಡುವುದು? ಕಾರ್ಡ್ ಬರೆದು ಮುಗಿಸುವ ತನಕ ಅವನು ಮಲಗಿರುತ್ತಾನೆ. ಮಲಗಿದವನಿಗೆ ಆದ್ಯತೆ ಉಪಯೋಗಕ್ಕೆ ಬಾರದು.

ಲಾಕ್ ಹಿಡಿದು ಬಫರ್‌ಗೆ (ಮೆಮೊರಿಯಲ್ಲಿನ ತಾತ್ಕಾಲಿಕ ಜಾಗಕ್ಕೆ) ನಕಲು ಮಾಡಿಕೋ, ಬಿಡು, ಆಮೇಲೆ ಕಾರ್ಡ್‌ಗೆ ಬರಿ ಎಂದೆ. ಐದಾರು ಸಾಲಿನ ಬದಲಾವಣೆ. 99 ಕರ್ನಲ್‌ನ ಸ್ವಂತ ಕೆಲಸಕ್ಕೆ ಇರಲಿ ಎಂದು ಅದನ್ನೂ 60ಕ್ಕೆ ಇಳಿಸಿಸಿದೆ. ಈಗ ಅಲಾರಾಂ ಹೊತ್ತಿಗೆ ಸರಿಯಾಗಿ ಹೊಡೆಯುತ್ತಿದೆ.